ಬೆನ್ನು ಹೊಳೆಯುವ ಚಕ್ರ

ಗೆರ್ಲಿಂಡೆಗೆ ಸಿಟ್ಟು ಬಂದರೆ ಬಾಯಿ ಮುಚ್ಚುತ್ತದೆ, ಕೈ ಓಡುತ್ತದೆ. ಅವಳ ಮೈದುನ ವೆಂಡಲಿನ್‌ಗೆ ಇದು ಚೆನ್ನಾಗಿ ಗೊತ್ತು. ಆದರೂ ಆ ಶನಿವಾರ ಮಧ್ಯಾಹ್ನ ತನ್ನ ಹಳೇ ಸ್ಪೋರ್ಟ್ಸ್ ಕಾರಿನ ಹಿಂದಿನ ಎರಡು ಚಕ್ರಗಳನ್ನು ಹಸುಗೂಸಿನ ಹಾಗೆ ಕಂಬಳಿಯಲ್ಲಿ ಸುತ್ತಿಕೊಂಡು ಅವಳ ವರ್ಕ್‌ಶಾಪಿಗೇ ಬಂದ. ಟೈರ್ ಕೂರಿಸಬೇಕಿತ್ತು. ಮರುದಿನ ಗುಡ್ಡ ಹತ್ತುವ ರೇಸು. ಸ್ಟುಟ್‌ಗಾರ್ಟ್ ದಾಟಿದ ಮೇಲಿನ ನಮ್ಮ ಈ ಗುಡ್ಡಗಾಡಿನಲ್ಲಿ ರೇಸೆಂದರೆ ಅಜ್ಜಂದಿರಿಗೂ ಹುಚ್ಚು ಹಿಡಿಯುತ್ತದೆ, ಇವನನ್ನಂತೂ ಅದು ಬಿಟ್ಟೇ ಇರಲಿಲ್ಲ.

"ನೋಡಿ ಅತ್ತಿಗೆ! ಅಗಲದ ಮಾದರಿ, ಎರಡೂ ಅಸಲಿ. ಎಷ್ಟು ವರ್ಷ ಹುಡುಕಿದೀನಿ ಗೊತ್ತಾ?"

ಒಂದನ್ನು ತಿರುಗಿಸಿ ನೋಡಿದಳು, ಸರಿ ಎಂದು ತಲೆಯಾಡಿಸಿದಳು. ಇನ್ನೊಂದನ್ನು ತಿರುಗಿಸಿದವಳು ಹಾಗೇ ನಿಂತಳು. ಅದರ ಬೆನ್ನು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಬೆನ್ನಿಗೆ ಪಾಲಿಶ್ ಹಾಕಿದ್ದು ಯಾರೋ?"

"ಯಾರೋ ಹಾಕಿದಾರೆ. ಚೆಂದ ಇಲ್ವಾ?"

"ಚೆಂದ, ನಿನ್ನ ತಲೆ! ಅಲ್ಯೂಮಿನಿಯಂ ಕಾಸಿ ಬಡಿದು ಇದನ್ನ ಮಾಡಿದವರು ಮುಖಕ್ಕೆ ಮಾತ್ರ ಪಾಲಿಶ್ ಹಾಕ್ತಿದ್ರು. ಬೆನ್ನು ಒರಟಾಗೇ ಇರೋದು, ಅಲ್ಲಿ ಅಳತೆ ಅಚ್ಚೊತ್ತಿರೋದು. ಇಲ್ಲಿ ಅಚ್ಚನ್ನೇ ಉಜ್ಜಿ ಹಾಕಿದಾರೆ. ಇದು ಅಗಲ ಕಮ್ಮಿ ಇರೋ ಮಾದರಿ ಕಣೋ. ಅಂಚನ್ನ ಎಳೆದು ಎಳೆದು ಅಗಲ ಮಾಡಿದಾರೆ. ನಡುವೆ ಹೂವಿನ ಹಾಗಿದೆಯಲ್ಲ, ಆ ದಳದ ತುದಿಯಿಂದ ಅಂಚಿನವರೆಗೆ ಬೆರಳಿಟ್ಟು ನೋಡು. ಅದರಲ್ಲಿ ಒಂದು ಬೆರಳು, ಇದರಲ್ಲಿ ಎರಡು."

ವೆಂಡಲಿನ್ ಬೆರಳಿಡಲಿಲ್ಲ. "ಇದು ಬೇರೆ ವರ್ಷದ್ದು. ರೇಸಿಗೇಂತ ಹಗುರ ಮಾಡಿದ್ದು. ನಾನು ಏನು ತಂದ್ರೂ ನಿಮಗೆ ಹುಳುಕೇ ಕಾಣೋದು, ಬಿಡಿ."

"ಮೂರನೇ ತಿರುವಿನಲ್ಲಿ ಒಡೆದು ಹೋಗುತ್ತೆ. ನಿಮ್ಮಣ್ಣನ್ನ ಮಣ್ಣು ಮಾಡಿ ಬಂದಿದೀನಿ, ಇನ್ನೊಂದು ಸಲ ಆ ಗುಂಡಿ ಮುಂದೆ ಹೋಗಿ ನಿಲ್ಲೋ ಶಕ್ತಿ ನನಗಿಲ್ಲ. ಹೊರಗಡೆ ಓಟ್ಮಾರ್‌ನ ಕಾರಿದೆ. ಅದರ ಹಿಂದಿನವೂ ಅಗಲದ್ದೇ, ಒಂದು ಬಿಚ್ಚಿ ಕೊಡ್ತೀನಿ, ಹಾಕ್ಕೊಂಡು ಹೋಗು."

ಗಂಡ ಓಟ್ಮಾರ್ ತೀರಿಕೊಂಡ ಮೇಲೆ ಆ ಕಾರನ್ನು ಅವಳು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ವೆಂಡಲಿನ್‌ಗೆ ಅದೂ ಗೊತ್ತು. ಆದರೆ ಗಂಡಸಿನ ಮೂಗಿನ ತುದಿ ಕೆಂಪಾದ ಮೇಲೆ ಗೊತ್ತಿದ್ದು ಏನು ಪ್ರಯೋಜನ?

"ಭಿಕ್ಷೆ ಬೇಡ ಅತ್ತಿಗೆ. ಟೈರ್ ಕೂರಿಸ್ತೀರೋ, ಬೇರೆ ಕಡೆ ಹೋಗ್ಲೋ?"

ಅವಳು ಬಾಯಿ ಮುಚ್ಚಿದಳು. ಹೊರಗೆ ಹೋಗಿ ಓಟ್ಮಾರ್‌ನ ಕಾರಿಗೆ ಜಾಕ್ ಕೊಟ್ಟಳು, ಹಿಂದಿನ ಒಂದು ಚಕ್ರ ಬಿಚ್ಚಿದಳು, ಟೈರ್ ಕಳಚಿದಳು. ಒರಟು ಬೆನ್ನಿನ ಮೇಲಿನ ಅಚ್ಚನ್ನು ಅವನ ಮುಖದ ಮುಂದೆ ಹಿಡಿದಳು. ಆಮೇಲೆ ಚಕ್ರವನ್ನು ನೇರವಾಗಿ ಗರಗಸದ ಮೆಷೀನಿನ ಮೇಲಿಟ್ಟಳು.

"ಅಯ್ಯಯ್ಯೋ, ತಲೆಗಿಲೆ ಕೆಟ್ಟಿದೆಯಾ ನಿಮಗೆ? ಅದು ಅಣ್ಣನದು!"

ಗರಗಸ ಕಿರುಚಿತು. ಗಟ್ಟಿ ಲೋಹ, ಸುಲಭಕ್ಕೆ ಬಗ್ಗಲಿಲ್ಲ. ಅವಳ ಕಣ್ಣಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು, ಕೈ ಮಾತ್ರ ಅಲುಗಲಿಲ್ಲ. ಅಂಚಿನ ಒಂದು ತುಂಡು ಕತ್ತರಿಸಿ ಅವನತ್ತ ಚಾಚಿದಳು.

"ಹಿಡ್ಕೋ. ಅಗಲದ ಅಸಲಿ ಎಷ್ಟು ದಪ್ಪ ಇರುತ್ತೆ ನೋಡು. ನಿನ್ನದೂ ಹೀಗೇ ಇದ್ರೆ ನಿನ್ನ ಕಾಲು ಹಿಡಿದು ತಪ್ಪಾಯ್ತು ಅಂತೀನಿ."

ವೆಂಡಲಿನ್ ಆ ತುಂಡಿನ ದಪ್ಪವನ್ನು ಹೆಬ್ಬೆರಳಿಟ್ಟು ಅಳೆದ. ತನ್ನ ಹೊಳೆಯುವ ಚಕ್ರವನ್ನು ತಾನೇ ಎತ್ತಿ ಗರಗಸಕ್ಕೆ ಕೊಟ್ಟ. ಅದು ಕಿರುಚಲೂ ಇಲ್ಲ, ಬೇಗ ತುಂಡಾಯಿತು. ಅಂಚು ಅಣ್ಣನ ಚಕ್ರದ ಅರ್ಧವೂ ದಪ್ಪ ಇರಲಿಲ್ಲ. ದಳ ಸೇರುವ ಕಡೆ ಒಳಗಿನಿಂದ ಆಗಲೇ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

ಅವನು ಸ್ಟೂಲಿನ ಮೇಲೆ ಕುಸಿದು ಕೂತ. "ಹಾಳಾಗ್ಲಿ. ನಾಳೆ ಹೋಗಲ್ಲ ಅತ್ತಿಗೆ."

"ಯಾಕೆ ಹೋಗಲ್ಲ? ಅಣ್ಣನ ಕಾರಿನ ಹಿಂದಿನದು ಇನ್ನೊಂದು ಉಳಿದಿದೆಯಲ್ಲ. ಏಳು, ಬಿಚ್ಚು. ಭಿಕ್ಷೆ ಅಲ್ಲ, ಅಪ್ಪಣೆ."

ಅವನು ಎದ್ದು ಬಿಚ್ಚಿದ. ಅದರ ಒರಟು ಬೆನ್ನನ್ನು ತೋಳಿನಿಂದ ಒರೆಸಿದ. ಓಟ್ಮಾರ್‌ನ ಕಾರಿನ ಹಿಂಭಾಗ ಎರಡು ಮರದ ದಿಮ್ಮಿಗಳ ಮೇಲೆ ಕೂತಿತು.

ಮರುದಿನ ಗೆರ್ಲಿಂಡೆ ಮೂರನೇ ತಿರುವಿನಲ್ಲಿ ನಿಂತಿದ್ದಳು. ಬೆಳಿಗ್ಗೆ ಬಿಸಿಬಿಸಿ ಕೊಂಡ ಬ್ರೆಟ್ಸೆಲ್ ಎಂಬ ಉಪ್ಪು ರೊಟ್ಟಿ ಕೈಯಲ್ಲೇ ತಣ್ಣಗಾಗಿತ್ತು. ವೆಂಡಲಿನ್‌ನ ಕಾರು ಗರ್ಜಿಸಿಕೊಂಡು ಬಂತು, ತಿರುವಿನಲ್ಲಿ ಹಿಂಭಾಗ ಜಾರಿತು, ಅಣ್ಣನ ಚಕ್ರ ರಸ್ತೆಯನ್ನು ಕಚ್ಚಿ ಹಿಡಿಯಿತು, ಕಾರು ಮೇಲಕ್ಕೆ ಹೋಯಿತು.

ಅದರ ಸದ್ದು ಗುಡ್ಡದ ತುದಿ ಮುಟ್ಟುವವರೆಗೆ ಕೇಳಿಸಿಕೊಂಡು, ಆಮೇಲೆ ಬ್ರೆಟ್ಸೆಲ್ ಮುರಿದು ಬಾಯಿಗಿಟ್ಟುಕೊಂಡಳು.