ಕ್ಯಾಮೆರಾದ ಹಣೆಗೆ ವಿಭೂತಿ

ಹೈದರಾಬಾದಿನಲ್ಲಿ ಬಾಗಿಲು ಹಾಕಿದ ಮಾಲೊಂದರಿಂದ ನಾನು ತಂದ ಆಟದ ಮಷೀನನ್ನು ನೋಡಿ ಸಿಂಧನೂರಿನ ಜನ ಕೇಳಿದ್ದು ಒಂದೇ ಮಾತು: ಇದಕ್ಕೆ ಗಾಲಿ ಎಲ್ಲಿ? ಎರಡು ಸೀಟಿದೆ, ಎರಡು ಸ್ಟೇರಿಂಗಿದೆ, ಕಾಲ ಬುಡದಲ್ಲಿ ಬ್ರೇಕಿದೆ, ಗಾಲಿ ಮಾತ್ರ ಇಲ್ಲ. ಲಾರಿಯಿಂದ ಇಳಿಸಿದ ಹಮಾಲರಂತೂ ಅದು ಭತ್ತ ಕೊಯ್ಯುವ ಹೊಸ ಮಷೀನಿನ ತಲೆ, ಮೈ ಹಿಂದಿನ ಲಾರಿಯಲ್ಲಿ ಬರುತ್ತದೆ ಎಂದುಕೊಂಡು ಕಾಯುತ್ತ ಕೂತಿದ್ದರು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಸಿಟ್ಟು ನನಗೆ ಸ್ವಲ್ಪ ಬೇಗನೇ ಬರುತ್ತದೆ.

ಆ ಆಟ ಯಾರಿಗೆ ಗೊತ್ತಿಲ್ಲ? ಪುಟ್ಟ ಗಾಡಿಯಲ್ಲಿ ಕೂತು, ಬಾಳೆಹಣ್ಣಿನ ಸಿಪ್ಪೆ ಎಸೆದು ಹಿಂದಿನವರನ್ನು ಜಾರಿಸಿ, ಆಮೆಯ ಚಿಪ್ಪು ಬೀಸಿ ಮುಂದಿನವರನ್ನು ಉರುಳಿಸಿ ಗೆಲ್ಲುವ ಆಟ. ಟಿವಿಗೆ ಹಚ್ಚಿ ಆಡುವ ಅದರ ಆವೃತ್ತಿಗಳು ಎಷ್ಟೋ ಬಂದಿವೆ. ಚಿಕ್ಕವಳಿದ್ದಾಗ ನಾನೂ ಅದರ ಗುಂಡಿಗಳನ್ನು ಒತ್ತಿ ಒತ್ತಿ ಸವೆಸಿದ್ದೇನೆ. ಆದರೆ ಆಟದಂಗಡಿಗಳಿಗೆಂದೇ ಸೀಟು, ಸ್ಟೇರಿಂಗು ಕೂಡಿಸಿ ಮಾಡಿದ ಬೇರೆ ಆವೃತ್ತಿಗಳೂ ಇವೆ, ಅವು ಯಾವತ್ತೂ ಮನೆಯ ಟಿವಿಗೆ ಬರಲಿಲ್ಲ ಎಂಬುದು ಗೊತ್ತಾದಾಗಿನಿಂದ ನನಗೆ ಅದರದೇ ಹುಚ್ಚು. ಮನೆಯ ಆಟದಲ್ಲಿ ಇಲ್ಲದ ದಾರಿಗಳು ಇದರಲ್ಲಿವೆ. ಬೇರೊಂದು ಕಂಪನಿಯ ಹಳೆ ಆಟದಿಂದ ಬಂದ, ಮೈಯೆಲ್ಲ ಬಾಯಿಯೇ ಆಗಿರುವ ಹಳದಿ ಗುಂಡಣ್ಣ ಇಲ್ಲಿ ಡ್ರೈವರ್ ಆಗಿದ್ದಾನೆ. ಅಕ್ಷರವೆಲ್ಲ ಜಪಾನಿ. ಎಲ್ಲಕ್ಕಿಂತ ದೊಡ್ಡ ಸೋಜಿಗ ಅಂದರೆ ಪರದೆಯ ಮೇಲೆ ಕೂತಿರುವ ಕ್ಯಾಮೆರಾ. ಆಟಕ್ಕೆ ಮುಂಚೆ ಅದು ಆಡುವವರ ಫೋಟೊ ತೆಗೆದು, ತಲೆಗೊಂದು ಟೊಪ್ಪಿಗೆ, ಮೂಗಿನ ಕೆಳಗೊಂದು ಮೀಸೆ ಅಂಟಿಸಿ, ಓಡುವ ಗಾಡಿಯ ಮೇಲೆ ತೇಲಿಸುತ್ತದೆ.

ಮಸ್ಕಿ ರಸ್ತೆಯಲ್ಲಿ ನಮ್ಮ ಅಬ್ಬಾ ಹುಸೇನಬಾಷಾ ಅವರದು ಮೋಟಾರ್ ರಿಪೇರಿ ಅಂಗಡಿ. ಅದರ ಮುಂದಿನ ಕೋಣೆಯಲ್ಲೇ ಮಷೀನು ಇಟ್ಟೆ. ಜವಳಗೇರಾ ಕಡೆಯ ಬಸ್ಸಿಗೆ ಕಾಯುವ ಕಾಲೇಜು ಹುಡುಗಿಯರು ನಮ್ಮ ಎದುರಿನ ಸ್ಟಾಪಿನಲ್ಲೇ ನಿಲ್ಲುತ್ತಾರೆ. ಊರಿನ ಗೇಮ್ ಸೆಂಟರುಗಳಲ್ಲಿ ಹುಡುಗರದೇ ಜಾತ್ರೆ, ಅಲ್ಲಿ ಇವರು ಕಾಲಿಡುವಂತಿಲ್ಲ. ಇವರಿಗೊಂದು ಜಾಗ ಆಗಬೇಕು, ಇವರೂ ಗಾಡಿ ಓಡಿಸಬೇಕು, ಇಷ್ಟೇ ನನ್ನ ಆಸೆ. ಆ ಕೋಣೆ ಕೈಬಿಟ್ಟರೆ ಆಸೆಯೂ ಕೈಬಿಟ್ಟ ಹಾಗೆಯೇ, ಏಕೆಂದರೆ ಅಬ್ಬಾನ ಕಣ್ಣಳತೆಯಲ್ಲಿ ಇರುವುದರಿಂದಲೇ ಮನೆಯವರು ಹುಡುಗಿಯರನ್ನು ಕಳಿಸುತ್ತಿದ್ದರು.

ಕಟ್ಟಡದ ಮಾಲೀಕರು ಕರಿಬಸಯ್ಯನವರು. ಮಾಳಿಗೆಯ ಮೇಲೆ ಅವರ ಮನೆ. ಅವರ ತಾಯಿ ವೀರಭದ್ರಮ್ಮ ಮಷೀನು ಬಂದ ದಿನವೇ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು.

"ಇದು ಗಾಡಿ ಹೌದಲ್ಲೇನವ್ವ ನಿಶಾತ?"

"ಗಾಡಿನೇ ಅನ್ರಿ ಅಮ್ಮಾರ. ಓಡತೈತಿ, ಖರೆ ಜಾಗ ಬಿಟ್ಟು ಹೋಗಂಗಿಲ್ಲ."

"ಓಡತೈತಿ ಅಂದ್ರ ಪೂಜಿ ಆಗಬೇಕು. ಹಂಗ ಚಾಲೂ ಮಾಡಬ್ಯಾಡ ಮತ್ತ."

ಹೊಸ ಟ್ರ್ಯಾಕ್ಟರಿಗೆ ಏನೇನು ಮಾಡುತ್ತಾರೋ ಅದೆಲ್ಲ ನಡೆಯಿತು. ಊದುಬತ್ತಿ, ತೆಂಗಿನಕಾಯಿ, ಸ್ಟೇರಿಂಗಿಗೆ ಹೂವಿನ ಮಾಲೆ. ಗಾಲಿ ಇಲ್ಲದ್ದರಿಂದ ನಿಂಬೆಹಣ್ಣುಗಳನ್ನು ಸೀಟಿನ ಮುಂದೆಯೇ ಇಟ್ಟು ಅಬ್ಬಾನ ಕಾಲಿನಿಂದ ತುಳಿಸಿದರು. ಕಡೆಗೆ ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ನೀರಿನಲ್ಲಿ ತೇಯ್ದು, ಮಷೀನಿನ ಹಣೆ ಯಾವುದೆಂದು ಹುಡುಕಿ ಮೂರು ಬೆರಳು ಎಳೆದರು. ಆ ಸಡಗರದಲ್ಲಿ ಬೆರಳು ಎಲ್ಲಿಗೆ ತಾಗಿತೆಂದು ನಾನೂ ನೋಡಲಿಲ್ಲ.

ಮರುದಿನದಿಂದ ಹುಡುಗಿಯರು ಬಂದರು. ಮೊದಲು ಬಂದವಳು ತಮನ್ನಾ. ಪುಸ್ತಕದ ಚೀಲ ನೆಲಕ್ಕೆ ಒಗೆದು, ಬುರ್ಖಾ ಮಡಚಿ ಮೊಣಕಾಲಿನ ಕೆಳಗೆ ಸಿಕ್ಕಿಸಿ, ಸೀಟಿನಲ್ಲಿ ಕೂತಳೆಂದರೆ ಬಸ್ಸು ಎರಡು ಸಲ ಹಾರನ್ ಹೊಡೆದರೂ ಏಳುತ್ತಿರಲಿಲ್ಲ. ಆಟವೆಲ್ಲ ಚೆನ್ನಾಗಿಯೇ ಇತ್ತು. ಫೋಟೊ ಮಾತ್ರ ವಿಚಿತ್ರವಾಗಿ ಬರುತ್ತಿತ್ತು. ಯಾರು ಕೂತರೂ ಟೊಪ್ಪಿಗೆ, ಮೀಸೆ ಸ್ಪಷ್ಟ, ಅವುಗಳ ನಡುವೆ ಮುಖದ ಜಾಗದಲ್ಲಿ ಬರೀ ಮಂಜು. ಹುಡುಗಿಯರು ಅದಕ್ಕೆ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಮಾತ್ರ ಸಮಾಧಾನವಿಲ್ಲ. ಆ ಕ್ಯಾಮೆರಾಕ್ಕಾಗಿಯೇ ಅಲ್ಲವೇ ನಾನು ಈ ಆವೃತ್ತಿಯನ್ನು ಹುಡುಕಿಕೊಂಡು ಹೋಗಿದ್ದು?

ಮಷೀನಿನ ಬೆನ್ನು ಬಿಚ್ಚಿದೆ. ವೈರು ಎಳೆದು ನೋಡಿದೆ. ಜಪಾನಿ ಅಕ್ಷರದ ಮೇಲೆ ಮೊಬೈಲ್ ಹಿಡಿದು ಅರ್ಥ ಕೇಳಿದೆ, ಅದು ಏನೇನೋ ಹೇಳಿತು. ಅಬ್ಬಾ ದೂರದಿಂದ ನೋಡುತ್ತಲೇ ಇದ್ದರು.

"ಒಳಗ ನೋಡಾಕತ್ತೀಯಲ್ಲ, ಹೊರಗ ನೋಡಿಯೇನು?" ಅಂದರು.

ನೋಡಿದರೆ ಕ್ಯಾಮೆರಾದ ಕಣ್ಣಿನ ಮೇಲೆ ಒಣಗಿದ ವಿಭೂತಿ. ಬಟ್ಟೆಯಿಂದ ಫಳಫಳ ಒರೆಸಿ, ದೊಡ್ಡ ಇಂಜಿನಿಯರಿನ ಹಾಗೆ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಒಂದು ಸಂಗತಿ ನನ್ನ ತಲೆಗೇ ಹೊಳೆದಿರಲಿಲ್ಲ. ಆಡುವವರ ಬೆನ್ನು ರಸ್ತೆಗೆ, ಮುಖ ಪರದೆಗೆ. ಅಂದರೆ ರಸ್ತೆಯಲ್ಲಿ ಹೋಗುವವರಿಗೆ ಹುಡುಗಿಯ ಮುಖ ಕಾಣುವುದಿಲ್ಲ, ಪರದೆ ಮಾತ್ರ ಕಾಣುತ್ತದೆ. ಆ ಪರದೆಯ ಮೇಲೆ ಈಗ ತಮನ್ನಾಳ ಮುಖ ಮೊರದಗಲ, ಮೀಸೆ ಸಮೇತ ತೇಲುತ್ತಿತ್ತು. ಅದನ್ನು ನೋಡಿದವನು ಬೇರೆ ಯಾರೂ ಅಲ್ಲ, ಲಿಂಗಸುಗೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಅವಳ ಅಣ್ಣ ನಿಯಾಜ್. ಬಸ್ಸಿನ ಕಿಟಕಿಯಿಂದಲೇ ನೋಡಿ, ಇಳಿದು, ಓಡಿಬಂದ.

"ಇದೇನ್ ಅಕ್ಕಾ? ಮೊದಲ ಇದು ಡೂಪ್ಲಿಕೇಟ್ ಮಷೀನ್. ಆ ಆಟದಾಗ ಫೋಟೊ ತೆಗ್ಯಾದು ಎಲ್ಲೂ ಇಲ್ಲ, ಅಷ್ಟೂ ಆಡೀನಿ ನಾ. ಅದರಾಗ ನಮ್ಮ ಹುಡುಗಿ ಮಾರಿ ರೋಡಿಗೆ!"

"ಡೂಪ್ಲಿಕೇಟ್ ಅನಬ್ಯಾಡ," ಎಂದೆ. ಅವನ ತಂಗಿಯ ಮಾತು ಬಿಟ್ಟು ಮಷೀನಿನ ಮಾನ ಕಾಯಲು ನಿಂತೆ ನೋಡಿ, ನನ್ನ ಬುದ್ಧಿ ಅಂಥದ್ದು.

ಗದ್ದಲ ಕೇಳಿ ಕರಿಬಸಯ್ಯನವರು ಇಳಿದು ಬಂದರು. ಅವರು ಕೂಗಾಡುವವರಲ್ಲ. ಪರದೆಯನ್ನೂ ರಸ್ತೆಯನ್ನೂ ಒಂದೊಂದು ಸಲ ನೋಡಿದರು.

"ಬಾಷಾ, ಈ ಹುಡುಗ ಹೇಳೂದು ಖರೆ ಐತಿ. ಯಾರ ಮನಿ ಹೆಣ್ಮಕ್ಕಳ ಮಾರಿ ಆದ್ರೂ ಹಿಂಗ ಬಜಾರಕ್ಕ ಬೀಳಬಾರದು. ಶುಕ್ರವಾರದೊಳಗ ಏನರ ಮಾಡ್ರಿ. ಆಗಲಿಲ್ಲಂದ್ರ ಖೋಲಿ ಬಿಡ್ರಿ, ಬೀಜದ ಅಂಗಡ್ಯಾರು ಕೇಳಾಕತ್ತಾರ."

ಕ್ಯಾಮೆರಾಕ್ಕೆ ಕರಿ ಟೇಪು ಅಂಟಿಸಿದೆ. ಮಷೀನು ಚಾಲೂ ಆಗುವಾಗಲೇ ಕಣ್ಣು ಪರೀಕ್ಷೆ ಮಾಡಿಕೊಂಡು, ಕತ್ತಲೆ ಕಂಡಿದ್ದೇ ತಡ, ಕೆಂಪು ಅಕ್ಷರ ಬಿಟ್ಟು ನಿಂತುಬಿಟ್ಟಿತು. ವೈರು ಕಿತ್ತರೂ ಅದೇ ಹಟ. ಮಷೀನನ್ನು ತಿರುಗಿಸಿ ಇಡೋಣವೆಂದರೆ ಕೋಣೆಯ ಅಗಲ ಸಾಲದು, ಬಾಗಿಲಿಗೆ ಬಟ್ಟೆ ಕಟ್ಟಿದರೆ ಒಳಗೇನು ನಡೆಯುತ್ತಿದೆಯೋ ಎಂದು ಊರೇ ಕೇಳುತ್ತದೆ. ಹುಡುಗಿಯರು ಬರುವುದು ನಿಂತಿತು. ಎದುರಿನ ಸ್ಟಾಪಿನಲ್ಲಿ ನಿಂತು ಇತ್ತ ನೋಡುತ್ತಿದ್ದರು, ನಾನು ನೋಡಿದರೆ ಮುಖ ತಿರುಗಿಸುತ್ತಿದ್ದರು. ಅಳು ಬಂದರೂ ಅಬ್ಬಾನೆದುರು ಅಳಬಾರದೆಂದು ಇದ್ದಬಿದ್ದ ಸ್ಪ್ಯಾನರುಗಳನ್ನೆಲ್ಲ ಒರೆಸಿಟ್ಟೆ.

ಒರೆಸುವಾಗಲೇ ಹೊಳೆಯಿತು. ಮೊದಲ ಸಲ ಮಷೀನು ಹಟ ಮಾಡಿರಲಿಲ್ಲವಲ್ಲ! ಟೇಪು ಬೆಳಕನ್ನೇ ಬಿಡುವುದಿಲ್ಲ, ವಿಭೂತಿ ಬಿಡುತ್ತದೆ. ಮಷೀನಿಗೆ ಬೆಳಕು ಸಾಕು, ಮುಖ ಬೇಕಿಲ್ಲ. ಮಾಳಿಗೆ ಹತ್ತಿ ಓಡಿದೆ.

"ಅಮ್ಮಾರ, ಗಾಡಿಗೆ ಇನ್ನೊಮ್ಮೆ ವಿಭೂತಿ ಹಚ್ಚಬೇಕ್ರಿ. ಅದೇ ಜಾಗಕ್ಕ."

"ಮೊದಲಿಂದು ಏನಾತು?"

"ನಾನೇ ಒರಸೀನ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಚ್ಚಿದ್ದ ವಿಭೂತಿ ಒರಸ್ತಾರೇನ, ಹುಚ್ಚಿ!" ಎಂದು ಬೈದು, ಬಂದು ಹಚ್ಚಿದರು.

ಶುಕ್ರವಾರ ಕರಿಬಸಯ್ಯನವರು ರಸ್ತೆಯ ಆಚೆ ನಿಂತು ಪರೀಕ್ಷೆ ಮಾಡಿದರು. ನಿಯಾಜನೂ ಬಂದಿದ್ದ. ತಮನ್ನಾ ಕೂತಳು. ಟೊಪ್ಪಿಗೆ ಬಂತು, ಮೀಸೆ ಬಂತು, ನಡುವೆ ಮಂಜು. ಯಾರ ಮನೆಯ ಹುಡುಗಿಯೋ ದೇವರಿಗೇ ಗೊತ್ತು. ಕರಿಬಸಯ್ಯನವರು ತಲೆಯಾಡಿಸಿದರು. ನಿಯಾಜ್ ಮಾತ್ರ ಹಳದಿ ಗುಂಡಣ್ಣನನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದ. "ಇವನ್ಯಾಕ ಇದರಾಗ ಅದಾನ?" ಎಂದು ಮೆಲ್ಲಗೆ ಕೇಳಿದ. ಅಷ್ಟೂ ಆಡಿದವನೇ ಕೇಳಿದ ಆ ಒಂದು ಪ್ರಶ್ನೆಗೆ ನನ್ನ ಅರ್ಧ ಸಿಟ್ಟು ಇಳಿಯಿತು.

ಅಷ್ಟರಲ್ಲಿ ವೀರಭದ್ರಮ್ಮ ಪಕ್ಕದ ಸೀಟಿನಲ್ಲಿ ಕೂತೇಬಿಟ್ಟಿದ್ದರು.

"ನಾನೂ ಓಡಸ್ತೀನಿ. ಹೆಂಗ ಹಿಡೀಬೇಕ ಹೇಳ್ರವ್ವ."

ಕ್ಯಾಮೆರಾ ಮಿಂಚಿತು. ಪರದೆಯ ಮೇಲೆ ಟೊಪ್ಪಿಗೆಯ ಕೆಳಗೆ ಮತ್ತೆ ಅದೇ ಬೆಳ್ಳನೆಯ ಮುದ್ದೆ.

"ಇದ್ಯಾರು?"

"ನೀವೇರಿ ಅಮ್ಮಾರ."

"ನಾನಾ? ಹಿಟ್ಟಿನ ಮುದ್ದಿ ಕಂಡಂಗ ಕಾಣ್ತೈತಿ." ಸ್ಟೇರಿಂಗಿನಿಂದ ಕೈ ತೆಗೆದರು. "ಹುಡುಗ್ಯಾರಿಗೆ ಬ್ಯಾಡಂದ್ರ ಬ್ಯಾಡ, ಅದು ಅವರ ಖುಷಿ. ನನಗ ಬೇಕು. ಆಗಿನ ಕಾಲದಾಗ ಟ್ರ್ಯಾಕ್ಟರ್ ಮುಟ್ಟಿದ್ರ ಕೈ ಕಡೀತೀನಂದಿದ್ದ ನಮ್ಮಪ್ಪ. ಈಗ ಓಡಸಾಕತ್ತೀನಿ, ನಾಕ ಮಂದಿಗೆ ಕಾಣ್ಲಿ."

ಎದ್ದು ನಿಂತು, ಸೆರಗಿನ ಚುಂಗಿನಿಂದ ಕ್ಯಾಮೆರಾದ ಕಣ್ಣನ್ನು ಒರೆಸಿದರು. ಹಚ್ಚಿದ ಕೈಯೇ ಒರೆಸಿತು.

"ಅವ್ವಾ, ರೋಡ್ ಐತಿ!" ಎಂದು ಕರಿಬಸಯ್ಯನವರು ರಸ್ತೆ ದಾಟಿ ಬಂದರು.

"ರೋಡ್ ಐತಂತನ ಗಾಡಿ ಓಡಸೂದು. ಸರಿ ಆಕಡೆ."

ಆಟ ಮೊದಲಿನಿಂದ ಹಚ್ಚಿದೆ. ಫೋಟೊ ತೆಗೆಯುವ ಹೊತ್ತಿಗೆ ತಮನ್ನಾ ತಲೆ ತಗ್ಗಿಸಿ ಸ್ಟೇರಿಂಗಿನ ಹಿಂದೆ ಅಡಗಿದಳು. ಈ ಸಲ ಪರದೆಯ ತುಂಬ ವೀರಭದ್ರಮ್ಮನವರ ಮುಖ, ಸುಕ್ಕು, ಮೂಗುತಿ, ಹಣೆಯ ವಿಭೂತಿ, ಅದರ ಮೇಲೊಂದು ಟೊಪ್ಪಿಗೆ. ಬಸ್ ಸ್ಟಾಪಿನ ಮಂದಿ ಎದ್ದು ಬಂದರು. ನಾನು ಕರಿಬಸಯ್ಯನವರ ಮುಖ ನೋಡಲು ಹೆದರಿ ನೆಲ ನೋಡುತ್ತ ನಿಂತೆ. ಕೋಣೆ ಹೋಯಿತು ಎಂದೇ ಲೆಕ್ಕ. ಅಜ್ಜಿಯ ಗಾಡಿ ಗೋಡೆಗೆ ಬಡಿಯಿತು, ಹಿಂದೆ ಬಂತು, ಮತ್ತೆ ಅದೇ ಗೋಡೆಗೆ ಬಡಿಯಿತು. ತಮನ್ನಾ ನಗುತ್ತ ಮುಂದೆ ಹೋಗಿಬಿಟ್ಟಳು.

"ಅವ್ವಾ, ಎಡಕ್ಕ! ಎಡಕ್ಕ ಹೊಳ್ಳಸು! ಸಿಪ್ಪಿ ಒಗಿ, ಸಿಪ್ಪಿ!"

ತಲೆಯೆತ್ತಿದೆ. ಕರಿಬಸಯ್ಯನವರು ಸೀಟಿನ ಹಿಂದೆ ಬಗ್ಗಿ, ಇಲ್ಲದ ಸ್ಟೇರಿಂಗನ್ನು ಗಾಳಿಯಲ್ಲಿ ತಿರುಗಿಸುತ್ತಿದ್ದರು.

ಅಜ್ಜಿ ಎಲ್ಲರಿಗಿಂತ ಹಿಂದೆ ಬಂದರು. ಹೊರಗಿನ ಮಂದಿ ಚಪ್ಪಾಳೆ ಹೊಡೆದರು. ಕರಿಬಸಯ್ಯನವರು ಬೆವರು ಒರೆಸಿಕೊಂಡು, ನನ್ನ ಮುಖ ನೋಡದೆ, "ಬಾಷಾ, ಬೀಜದಂಗಡ್ಯಾರಿಗೆ ಬ್ಯಾರೆ ಖೋಲಿ ತೋರಸೂಣು" ಎಂದು ಮಾಳಿಗೆ ಹತ್ತಿದರು.

ವೀರಭದ್ರಮ್ಮ ಸೀಟಿನಿಂದ ಇಳಿಯುತ್ತ ಸೊಂಟದ ಚೀಲಕ್ಕೆ ಕೈ ಹಾಕಿದರು. ವಿಭೂತಿ ಗಟ್ಟಿ ತೆಗೆದು, ಕ್ಯಾಮೆರಾದ ಹತ್ತಿರ ಹಿಡಿದು, ತಮನ್ನಾಳತ್ತ ನೋಡಿದರು.

"ನಿನಗ ಹಚ್ಚಲೇನವ್ವ, ಬ್ಯಾಡೋ?"

ತಮನ್ನಾ ರಸ್ತೆ ನೋಡಿದಳು, ಅಣ್ಣನನ್ನು ನೋಡಿದಳು, ಸ್ವಚ್ಛವಾಗಿ ಹೊಳೆಯುತ್ತಿದ್ದ ಕ್ಯಾಮೆರಾವನ್ನು ಬಹಳ ಹೊತ್ತು ನೋಡಿದಳು.

"ಹಚ್ರಿ ಅಮ್ಮಾ," ಎಂದಳು. "ಸ್ವಲ್ಪ ತೆಳ್ಳಗ ಹಚ್ರಿ."