ಐದು ಸಲ ಏಳಬೇಕು

ಟೈಲರಮ್ಮನಿಗೆ ಸಿಟ್ಟು ಬಂದರೆ ಮೊದಲು ಮೂಗಿನ ತುದಿ ಕೆಂಪಾಗುತ್ತದೆ. ಈ ಮೂರು ತಿಂಗಳಲ್ಲಿ ಆ ಮೂಗು ತಣ್ಣಗಿದ್ದ ದಿನಗಳು ಕಡಿಮೆ.

ಎಪ್ಪತ್ತಾರು ವರ್ಷದ ಆಕೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು: ನಿಮ್ಮ ಕೆಲಸ ನೀವೇ ಮಾಡಿಕೊಳ್ಳಿ, ಮೂರು ತಿಂಗಳು ಬಿಟ್ಟು ಬನ್ನಿ, ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ತೋರಿಸಿದರೆ ಮೆಟ್ಟಿಲು ಹತ್ತಬಹುದು. ಟೈಲರಮ್ಮನಿಗೆ ಬೇಕಾಗಿದ್ದೂ ಅಷ್ಟೇ. ಮಹಡಿಯ ಮೇಲೆ ಅವಳ ಅಂಗಡಿ ಇತ್ತು, ಹೊಲಿಗೆ ಮೆಷಿನ್ ಇತ್ತು. ನಡುವೆ ಇದ್ದದ್ದು ಹದಿನೇಳು ಮೆಟ್ಟಿಲು.

ಆದರೆ ಮನೆಯವರ ಪ್ರೀತಿ ಇದೆಯಲ್ಲ, ಅದಕ್ಕೆ ಯಾವ ಡಾಕ್ಟರ ಮಾತೂ ತಾಗುವುದಿಲ್ಲ. ಬಾಯಾರುವ ಮೊದಲೇ ನೀರು ಬರುತ್ತಿತ್ತು. ಕಾಲು ಕೆಳಗಿಟ್ಟರೆ ಮೊಮ್ಮಗಳು ಚಪ್ಪಲಿ ಹಿಡಿದು ಓಡಿ ಬರುತ್ತಿದ್ದಳು. ಬಟ್ಟೆ ಮಡಚಲು ಕೂತರೆ ಸೊಸೆ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು. "ಇಷ್ಟು ವರ್ಷ ದುಡಿದಿದ್ದೀರಲ್ಲ ಅತ್ತೆ, ಈಗಲಾದ್ರೂ ಆರಾಮಾಗಿ ಇರಿ." ಏಳಬೇಕೆಂದು ಅಲುಗಿದರೆ ಸಾಕು, ಮಗನ ಕೈ ಕಂಕುಳಿಗೆ ಬಂದು ಎತ್ತಿ ನಿಲ್ಲಿಸಿಬಿಡುತ್ತಿತ್ತು. ಅಕ್ಕಪಕ್ಕದವರು ಇಂಥ ಮಗ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎನ್ನುತ್ತಿದ್ದರು. ಟೈಲರಮ್ಮ ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದಳು. ಸುಳ್ಳೇಕೆ, ಮೊದಲ ಹದಿನೈದು ದಿನ ಅವಳಿಗೂ ಹಿತವಾಗಿಯೇ ಇತ್ತು. ಆ ಹದಿನೈದು ದಿನ ನೆನೆದರೆ ಅವಳಿಗೆ ತನ್ನ ಮೇಲೂ ಸಿಟ್ಟು.

ಒಂದು ಮಧ್ಯಾಹ್ನ ನಿದ್ದೆಯಿಂದ ಎದ್ದು ನೋಡಿದರೆ ನಡೆಯಲು ಆಸ್ಪತ್ರೆಯಲ್ಲಿ ಕೊಟ್ಟಿದ್ದ ವಾಕರ್ ಇರಲಿಲ್ಲ. ಆ ಜಾಗದಲ್ಲಿ ಸೀಟಿಗೆ ತೂತು ಕೊರೆದು ಕೆಳಗೆ ಬೇಸನ್ ಇಟ್ಟ ಕುರ್ಚಿಯೊಂದು ಕೂತಿತ್ತು.

"ಬಚ್ಚಲಿಗೆ ಹೋಗೋ ಗೋಳು ತಪ್ಪಿತಲ್ಲಮ್ಮ" ಎಂದ ಮಗ, ಏನೋ ದೊಡ್ಡ ಉಪಕಾರ ಮಾಡಿದವನಂತೆ. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದ ಅವನಿಗೆ ಐವತ್ತೊಂದು ತುಂಬಿತ್ತು. "ಮೇಲಿನ ಮೆಷಿನ್ನೂ ಯಾರಿಗಾದ್ರೂ ಕೊಟ್ಟು ರೂಮು ಖಾಲಿ ಮಾಡೋಣ ಅಂತಿದ್ದೀನಿ. ಡಾಕ್ಟರು ಏನಂತಾರೋ ನೋಡಿ ಆಮೇಲೆ."

ಡಾಕ್ಟರಮ್ಮನ ಬಳಿ ಹೋಗುವ ದಿನ ಬಂತು. ಡಾಕ್ಟರಮ್ಮ ಕೈಯಿಲ್ಲದ ಕುರ್ಚಿ ಎಳೆದು ಕೂರಿಸಿ, "ಕೈ ಎದೆ ಮೇಲಿಟ್ಕೊಂಡು ಏಳಿ ಅಜ್ಜಿ" ಎಂದಳು. ಟೈಲರಮ್ಮ ಮುಂದಕ್ಕೆ ಬಾಗಿದ್ದೇ ತಡ, ಮಗ ಅಭ್ಯಾಸಬಲದಿಂದ ಎತ್ತಿ ನಿಲ್ಲಿಸಿದ. ಡಾಕ್ಟರಮ್ಮ ಏನೋ ಬರೆದಳು.

"ಏನು ಬರೆದ್ರಿ?"

"ಏಳೋಕೆ ಸಹಾಯ ಬೇಕು ಅಂತ."

"ಯಾರು ಕೇಳಿದ್ರು ಸಹಾಯ? ಇವನನ್ನ ಆಚೆ ಕಳಿಸಿ. ನಾನೊಬ್ಬಳೇ ಏಳ್ತೀನಿ."

ಮಗ ಮುಖ ಸಣ್ಣದು ಮಾಡಿಕೊಂಡು ಹೊರಗೆ ಹೋದ. ಟೈಲರಮ್ಮ ಎದ್ದಳು, ಕೂತಳು. ಎದ್ದಳು, ಕೂತಳು. ಮೂರನೆಯ ಸಲಕ್ಕೆ ತೊಡೆ ನಡುಗಿತು. ನಾಲ್ಕನೆಯ ಸಲ ಅರ್ಧ ಎದ್ದವಳು ಧೊಪ್ಪನೆ ಕುರ್ಚಿಗೆ ಬಿದ್ದಳು.

"ಮನೇಲಿ ದಿನಕ್ಕೆ ಎಷ್ಟು ನಡೀತೀರಿ?"

ಮಂಚದಿಂದ ಕುರ್ಚಿಗೆ ಎಂದು ಹೇಳಲು ಅವಳಿಗೆ ನಾಚಿಕೆಯಾಯಿತು.

"ಮೂಳೆ ಚೆನ್ನಾಗಿ ಕೂಡಿದೆ" ಎಂದಳು ಡಾಕ್ಟರಮ್ಮ. "ಕೆಲಸ ಇಲ್ಲದೆ ಕಾಲು ಸೊರಗಿದೆ ಅಷ್ಟೆ. ಬಲ ವಾಪಸ್ ಬರುತ್ತೆ, ಆದ್ರೆ ಇವತ್ತಿಂದಲೇ ಶುರು ಮಾಡ್ಬೇಕು. ಕಂಬಿ ಹಿಡಿದು ದಿನಾ ನಾಲ್ಕು ಮೆಟ್ಟಿಲು ಹತ್ತಿ, ಹಿಂದೆ ಒಬ್ಬರು ನಿಂತಿರ್ಲಿ. ತಿಂಗಳು ಬಿಟ್ಟು ಮತ್ತೆ ನೋಡೋಣ."

ಮನೆ ಮುಂದೆ ಆಟೋ ನಿಂತಾಗ ಮಗನ ಕೈ ಮತ್ತೆ ಕಂಕುಳಿಗೆ ಬಂತು.

"ಮುಟ್ಬೇಡ" ಎಂದಳು ಟೈಲರಮ್ಮ. ಆಟೋದವನೂ ತಿರುಗಿ ನೋಡಿದ. "ನನ್ನ ಕಾಲು ತಿಂದಿದ್ದು ವಯಸ್ಸಲ್ಲ ಕಣೋ, ನೀನು. ಮೂರು ತಿಂಗಳು ಕೂರಿಸಿ ಕೂರಿಸಿ ತಿಂದೆ. ಊರೆಲ್ಲ ನಿನ್ನ ಹೊಗಳ್ತು, ನಾನು ಬೇಸನ್ ಮೇಲೆ ಕೂತೆ."

ಅವಳು ಆಟೋದ ಕಂಬಿ ಹಿಡಿದು ತಾನೇ ಇಳಿದು, ಅವನು ಮನೆಯೊಳಗಿನಿಂದ ತಂದ ವಾಕರ್ ಊರಿಕೊಂಡು ಮೆಟ್ಟಿಲ ಬುಡಕ್ಕೆ ಬಂದಳು. ಮಗ ತಲೆ ತಗ್ಗಿಸಿಕೊಂಡು ಹಿಂದೆಯೇ ಬಂದ.

"ನೀನು ಬಿದ್ದಾಗ ಪಕ್ಕದ ರೂಮಲ್ಲೇ ಇದ್ದೆ ಅಮ್ಮ" ಎಂದ, ತಡೆದು ತಡೆದು. "ಫೋನ್ ನೋಡ್ತಿದ್ದೆ. ನೀನು ಎರಡು ಸಲ ಕರೆದೆಯಂತೆ. ನಂಗೆ ಕೇಳಿಸ್ಲೇ ಇಲ್ಲ."

ಆದರೂ ಅವಳ ಸಿಟ್ಟು ಇಳಿಯಲಿಲ್ಲ.

"ಅದು ನಿನ್ನ ತಪ್ಪು. ಅದಕ್ಕೆ ಶಿಕ್ಷೆ ನನ್ನ ಕಾಲಿಗೆ ಯಾಕೆ?"

ಅವಳು ವಾಕರನ್ನು ಗೋಡೆಗೆ ಒರಗಿಸಿದಳು.

"ನನ್ನ ಹಿಂದೆ ನಿಲ್ಲು. ಎರಡೂ ಕೈ ಬೆನ್ನಿಗೆ ಕಟ್ಕೊ. ನಾನು ಕರೆದ್ರೆ ಮಾತ್ರ ಹಿಡಿ."

ಟೈಲರಮ್ಮ ಕಂಬಿ ಹಿಡಿದು ಒಂದು ಹತ್ತಿದಳು. ಉಸಿರು ಬಿಟ್ಟು ಇನ್ನೊಂದು. ಮೂರನೆಯದರಲ್ಲಿ ಮೊಣಕಾಲು ಮಡಚಿತು, ಅವಳು ಕಂಬಿಗೆ ಜೋತುಬಿದ್ದಳು. ಹಿಂದೆ ಮಗ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಕರೆಯಬಹುದಿತ್ತು, ಅವಳು ಕರೆಯಲಿಲ್ಲ. ಕಾಲು ಸರಿಮಾಡಿಕೊಂಡು ನಾಲ್ಕನೆಯದನ್ನೂ ಹತ್ತಿ, ಮೆಲ್ಲಗೆ ತಿರುಗಿ ಅಲ್ಲೇ ಕೂತಳು.

ಕೆಳಗೆ ಮಗ ಹಾಗೆಯೇ ನಿಂತಿದ್ದ, ಕೈ ಬೆನ್ನಿಗೆ ಕಟ್ಟಿಕೊಂಡು. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲೂ ಅವನು ಕೈ ಬಿಚ್ಚಿರಲಿಲ್ಲ.

"ಕಣ್ಣು ಒರೆಸ್ಕೊ" ಎಂದಳು ಟೈಲರಮ್ಮ ಗಡುಸಾಗಿ. "ಒಂದು ಕೈ ಸಾಕು. ಇನ್ನೊಂದು ಹಿಂದೇನೇ ಇರ್ಲಿ."