ಅಳಿಸಿದ ನಾಲ್ಕನೆಯ ಖಾನೆ

‘ಎಲ್ಲರೂ ಸೇರಿ ತಿದ್ದುವ ಪುಟ’ ಎಂದು ಅದರ ನೆತ್ತಿಯ ಮೇಲೆ ಬರೆದಿತ್ತು. ಎಲ್ಲರೂ ಅಂದರೆ ಅಥಣಿಯ ದ್ರಾಕ್ಷಿ ಬೆಳೆಗಾರರ ಸಂಘದ ಸದಸ್ಯರು. ಸದಸ್ಯರು ಅಂದರೆ ಹೆಸರಿನಲ್ಲಿ ತೋಟ ಇದ್ದವರು. ತೋಟದೊಳಗೆ ಕೈ ಇದ್ದವರು ಆ ‘ಎಲ್ಲರೂ’ ಒಳಗೆ ಬರುತ್ತಿರಲಿಲ್ಲ.

ಪುಟ ಶುರು ಮಾಡಿದವಳು ಶೇಡಬಾಳದ ಮಯೂರಿ. ಸಂಘದ ಕಚೇರಿಯಲ್ಲಿ ಕಂಪ್ಯೂಟರಿನ ಕೆಲಸ ಆಕೆಯದು. ಸದಸ್ಯರೆಲ್ಲ ಬೆಳೆಯ ಔಷಧದ ಲೆಕ್ಕವನ್ನು ಫೋನಿನ ಶೀಟಿನಲ್ಲಿ, ಅಂದರೆ ಲೆಕ್ಕದ ಹಾಳೆಯಲ್ಲಿ, ಇಡಲು ಕಲಿತಿದ್ದರು, ಆದರೆ ಸೂತ್ರ ಹಾಕುವುದು ಯಾರಿಗೂ ತಿಳಿಯುತ್ತಿರಲಿಲ್ಲ. ಶೀಟಿನ ಕಂಪನಿಯವರ ಕನ್ನಡ ಸಹಾಯದ ಪುಟ ಇತ್ತು. ‘ಈ ಕಾರ್ಯವು ಮೌಲ್ಯವನ್ನು ಹಿಂತಿರುಗಿಸುತ್ತದೆ’ ಎನ್ನುವಂಥ ಕನ್ನಡ. ಮಯೂರಿಯ ಅಜ್ಜ ಜಿನ್ನಪ್ಪ ಅದನ್ನು ಓದಿ, “ಯಾರ ಮನಿ ಕಾರ್ಯನ? ಆಹೇರಿ ತಿರುಗಿ ಕೊಡತಾರೇನ?” ಎಂದು ಮದುವೆಯ ಉಡುಗೊರೆಯ ಲೆಕ್ಕದಲ್ಲಿ ಕೇಳಿದ್ದ. ಅಂದಿನಿಂದ ಆಕೆ ತಾನೇ ಬರೆಯತೊಡಗಿದಳು. ಒಂದು ಸೂತ್ರಕ್ಕೆ ಒಂದು ಪುಟ, ಉದಾಹರಣೆಗೆ ದ್ರಾಕ್ಷಿ ಕ್ರೇಟು, ಒಣದ್ರಾಕ್ಷಿ ಪೆಟ್ಟಿಗೆ, ಬೋರಿನ ನೀರು. ಪುಟದ ಅಂಚಿನಲ್ಲಿ ಯಾರು ಬೇಕಾದರೂ ಟಿಪ್ಪಣಿ ಹಾಕಬಹುದಿತ್ತು.

ಮೊದಮೊದಲು ಚೆನ್ನಾಗಿಯೇ ನಡೆಯಿತು. ಸೂತ್ರದ ಕಂಸದೊಳಗೆ ತುಂಬುವ ಒಂದೊಂದು ಭಾಗಕ್ಕೂ ಆಕೆ ಏನೇನೋ ದೊಡ್ಡ ಹೆಸರು ಇಟ್ಟಿದ್ದಳು. ಐನಾಪುರದ ದುಂಡೇಶ ಅಂಚಿನಲ್ಲಿ ಬರೆದ: “ಅದನ್ನ ಖಾನೆ ಅನ್ರಿ ಅಕ್ಕಾ. ಮಸಾಲಿ ಡಬ್ಬಿಗೆ ಖಾನೆ ಇರ್ತಾವಲ್ಲ, ಹಂಗ. ನಮ್ಮ ಅವ್ವಗೂ ತಿಳೀತೈತಿ.” ಆಕೆ ಖುಷಿಯಿಂದ ತಿದ್ದಿದಳು. ನಾಲ್ಕು ಮಂದಿ ಕೂಡಿ ತಿದ್ದಿದರೆ ಪುಟ ಒಳ್ಳೆಯದಾಗುತ್ತದೆ ಎಂದು ನಂಬಿದಳು. ಯಾವ ನಾಲ್ಕು ಮಂದಿ ಎಂದು ಆಗ ಕೇಳಿಕೊಳ್ಳಲಿಲ್ಲ.

ಆಮೇಲೆ ವಿ-ಲುಕಪ್ ಪುಟ ಬಂತು. ಪಟ್ಟಿಯೊಳಗೆ ಒಂದನ್ನು ಹುಡುಕಿ, ಅದರ ಮುಂದಿರುವ ಅಂಕಿಯನ್ನು ತಂದುಕೊಡುವ ಸೂತ್ರ ಅದು. ನಾಲ್ಕು ಖಾನೆ. ಏನು ಹುಡುಕಬೇಕು, ಎಲ್ಲಿ ಹುಡುಕಬೇಕು, ಎಷ್ಟನೆಯ ಕಾಲಮ್ಮಿನದು ತರಬೇಕು. ನಾಲ್ಕನೆಯದರಲ್ಲಿ ಒಂದು ಸೊನ್ನೆ. ಸೊನ್ನೆ ಹಾಕಿದರೆ ‘ಕೇಳಿದ್ದೇ ಬೇಕು, ಇಲ್ಲದಿದ್ದರೆ ಇಲ್ಲ ಅನ್ನು’ ಎಂದು ಅರ್ಥ. ಸೊನ್ನೆ ಬಿಟ್ಟರೆ ‘ಹತ್ತಿರದ್ದು ಯಾವುದಾದರೂ ನಡೆಯುತ್ತದೆ’ ಎಂದು ಅರ್ಥ.

ತೆಲಸಂಗದ ಸಿದ್ದಲಿಂಗ ಟಿಪ್ಪಣಿ ಹಾಕಿದ. ದೊಡ್ಡ ತೋಟ, ದೊಡ್ಡ ಬೆರಳು. “ನಾಕನೇ ಖಾನೆ ಯಾತಕ್ರಿ? ಫೋನಿನ್ಯಾಗ ಒತ್ತಿ ಒತ್ತಿ ಬಟ್ಟ ಸವದಾವು. ಬಿಟ್ರೂ ಉತ್ತರ ಬರತೈತಿ, ನಾ ನೋಡೀನಿ. ಸಣ್ಣದ ಮಾಡ್ರಿ.” ಅದರ ಕೆಳಗೆ ಹೆಬ್ಬೆರಳುಗಳ ಸಾಲು ಬಿತ್ತು. ಹೌದು ಹೌದು, ಸಣ್ಣದ ಮಾಡ್ರಿ.

ಮಯೂರಿ ಉತ್ತರ ಬರೆದಳು: “ಉತ್ತರ ಬರತೈತ್ರಿ, ಆದ್ರ ನಿಮ್ದ ಬರತೈತೋ ಬಾಜೂದ್ದ ಬರತೈತೋ ಗೊತ್ತಾಗಂಗಿಲ್ಲ. ಪಟ್ಟಿಯೊಳಗ ನಂಬರು ಸಣ್ಣದರಿಂದ ದೊಡ್ಡದಕ್ಕ ಸಾಲಾಗಿ ಇರದಿದ್ರ ಬ್ಯಾರೆ ಡಬ್ಬಿ ಪ್ರಮಾಣ ತಂದ ಕೊಡತೈತಿ. ಔಷಧದ ವಿಷಯ. ನಾಕನೇ ಖಾನೆ ತಗೀಬ್ಯಾಡ್ರಿ.”

ಪುಟ ಸಂಘದ ಖಾತೆಯದು, ಯಾವ ತಿದ್ದುಪಡಿ ಉಳಿಯಬೇಕು ಎನ್ನುವ ಕೀಲಿ ಇದ್ದದ್ದು ಸುಹಾಸನ ಕೈಯಲ್ಲಿ. ಸಂಘದ ಕಾರ್ಯದರ್ಶಿ, ಸಾಂಗಲಿಯಲ್ಲಿ ಕಲಿತವನು, ಮಾತಿಗೊಮ್ಮೆ ‘ಅಸೂ ದ್ಯಾ’, ಇರಲಿ ಬಿಡು, ಎನ್ನುವವನು. ಆತ ನಾಲ್ಕನೆಯ ಖಾನೆ ಅಳಿಸಿದ. ಮಯೂರಿಯ ಟಿಪ್ಪಣಿಯ ಪಕ್ಕದ ಗುಂಡಿ ಒತ್ತಿದ. ಟಿಪ್ಪಣಿ ಮಾಯವಾಯಿತು, ‘ಇತ್ಯರ್ಥವಾಗಿದೆ’ ಎಂಬ ಒಂದು ಶಬ್ದ ಉಳಿಯಿತು.

“ಸುಹಾಸ ದಾದಾ, ಅದು ಇತ್ಯರ್ಥ ಆಗಿಲ್ಲ,” ಎಂದಳು ಕಚೇರಿಯಲ್ಲಿ.

“ಅಸೂ ದ್ಯಾ ಮಯೂರಿ. ಮಂದಿ ಕೇಳ್ಯಾರ, ಮಾಡೇವಿ. ಇದಕ್ಕ ಲೋಕಶಾಹಿ ಅಂತಾರ, ಪ್ರಜಾಪ್ರಭುತ್ವ.”

*

ತೆಲಸಂಗದಲ್ಲಿ ಸಿದ್ದಲಿಂಗನ ಔಷಧದ ಕೋಲಿಗೆ, ಅಂದರೆ ಔಷಧ ಇಡುವ ಕೋಣೆಗೆ, ಒಂದು ಪದ್ಧತಿ ಇತ್ತು. ಔಷಧ ಕಲಸುವವಳು ತಾರವ್ವ. ಆಕೆಗೆ ಓದಲು ಬಾರದು. ಅದಕ್ಕೇ ಡಬ್ಬಿಗಳನ್ನು ಬಾಗಿಲಿನ ಕಡೆಯಿಂದ ಸಾಲಾಗಿ ಇಡುತ್ತಿದ್ದರು, ಮೊದಲು ಬೇಕಾದದ್ದು ಮೊದಲು. “ಬಾಗಲದಿಂದ ಮೂರನೇದು ತಾ ಬೇ” ಎಂದರೆ ಮೂರನೆಯದು ಬರುತ್ತಿತ್ತು, ಒಮ್ಮೆಯೂ ತಪ್ಪಿರಲಿಲ್ಲ. ಸಿದ್ದಲಿಂಗ ಫೋನಿನ ಪಟ್ಟಿಯನ್ನೂ ಅದೇ ಸಾಲಿನಲ್ಲಿ ಬರೆದಿದ್ದ. ಕೋಲಿಯ ಹಲಗೆ ಹೇಗೋ ಪಟ್ಟಿ ಹಾಗೆ. ಸಂಘದವರು ಡಬ್ಬಿಗಳ ಮೇಲೆ ಅಂಟಿಸಿದ ನಂಬರು ಮಾತ್ರ ಆ ಸಾಲಿನಲ್ಲಿ ಹಿಂದುಮುಂದಾಗಿ ನಿಂತಿದ್ದವು. ಕೆಲಸದವರಿಗೆ ಸರಿಯಾದ ಸಾಲು. ನಾಲ್ಕನೆಯ ಖಾನೆ ಇಲ್ಲದ ಸೂತ್ರಕ್ಕೆ ತಪ್ಪು ಸಾಲು.

ಅಕ್ಟೋಬರಿನ ಚಾಟಣಿ ಆಯಿತು. ಬಳ್ಳಿ ಕತ್ತರಿಸಿದ ಮೇಲೆ ಉಳಿದ ಕಡ್ಡಿಗಳ ಕಣ್ಣು, ಅಂದರೆ ಚಿಗುರೊಡೆಯುವ ಗಂಟು, ಎಲ್ಲವೂ ಒಟ್ಟಿಗೆ ಒಡೆಯಲೆಂದು ಒಂದು ಔಷಧ ಹಚ್ಚುತ್ತಾರೆ. ಹೆಂಗಸರು ಸ್ಪಂಜು ಅದ್ದಿ ಒಂದೊಂದೇ ಕಣ್ಣಿಗೆ ಹಚ್ಚಬೇಕು. ಡಬ್ಬಿಯ ಮೇಲೆ ಕೈಗವಸು ಹಾಕಿದ ಕೈಯ ಚಿತ್ರ ಇರುತ್ತದೆ. ತೋಟದಲ್ಲಿ ಕೊಡುವುದು ಕ್ಯಾರಿಬ್ಯಾಗ್ ಮತ್ತು ಮಣಿಕಟ್ಟಿಗೆ ಕಟ್ಟಲು ಒಂದು ಸುತಳಿ.

ಸಿದ್ದಲಿಂಗ ಫೋನಿನಲ್ಲಿ ಡಬ್ಬಿಯ ನಂಬರು ಒತ್ತಿದ. ಪ್ರಮಾಣ ಬಂತು. ಓದಿ ಹೇಳಿದ.

“ಸಾವಕಾರ್ರ, ಹ್ವಾದ ವರ್ಷ ಬಕೀಟಿಗೆ ಇಷ್ಟ ಇರಲಿಲ್ರಿ,” ಎಂದಳು ತಾರವ್ವ. “ವಾಸನಿ ಮೂಗ ಕೀಳಾಕತ್ತೈತಿ.”

“ಫೋನ್ ಸುಳ್ಳ ಹೇಳ್ತದೇನ ಬೇ? ನೀ ಹೆಚ್ಚೋ ಅದ ಹೆಚ್ಚೋ? ಕಲಸ ಕಲಸ, ಬಿಸಲ ಏರತೈತಿ.”

ಕಲಸಿದಳು. ಉಳಿದ ಹೆಂಗಸರಿಗೆ ಬಕೀಟು ತುಂಬಿಕೊಡುವ ಮೊದಲು ಎಂದಿನಂತೆ ತಾನೇ ಮೊದಲ ಸಾಲಿಗೆ ಹಚ್ಚಿದಳು. ಕ್ಯಾರಿಬ್ಯಾಗ್ ಎಲ್ಲೋ ಕಡ್ಡಿಗೆ ಸಿಕ್ಕಿ ಹರಿದಿತ್ತು. ಸಾಲು ಮುಗಿಯುವಷ್ಟರಲ್ಲಿ ಎರಡೂ ಅಂಗೈಯ ತೊಗಲು ಬೆಂದ ಗೆಣಸಿನ ಸಿಪ್ಪೆಯಂತೆ ಎದ್ದುಬಂತು. ಜೊತೆಗೆ ಕೂಲಿಗೆ ಬಂದ ಅಕ್ಕುತಾಯಿ ಓಡಿಬಂದು ಆಕೆಯ ಕೈಯನ್ನು ನೀರಿನ ಟಾಕಿಗೆ ಅದ್ದಿದಳು. ಉಳಿದ ಬಕೀಟುಗಳನ್ನು ಯಾರೂ ಮುಟ್ಟಲಿಲ್ಲ. ಆ ಸಾಲಿನ ಬಳ್ಳಿಯ ಕಣ್ಣೂ ಕರಕಾದವು. ಸಿದ್ದಲಿಂಗ ಫೋಟೋ ತೆಗೆದದ್ದು ಬಳ್ಳಿಯದು.

ಸಂಜೆಯ ಹೊತ್ತಿಗೆ ಊರ ತುಂಬ ಸುದ್ದಿ: ತಾರವ್ವ ಔಷಧ ಕೆಡಿಸಿದಳು. ಕಲಸುವವಳು ಅವಳು, ಅಂದ ಮೇಲೆ ಕೆಡಿಸಿದವಳೂ ಅವಳೇ. ಕೈ ಮಾಯುತ್ತ ಬಂದ ಮೇಲೂ ಯಾವ ತೋಟದವರೂ ಕರೆಯಲಿಲ್ಲ. ಕತ್ತರಿ ಹಿಡಿದು ಗೊನೆ ಬಿಡಿಸುವುದರಲ್ಲಿ ಅವಳ ಸರಿಸಮ ಇರಲಿಲ್ಲ. ಈಗ ಅವಳ ನೆರಳು ಬದುವಿನ ಮೇಲೆ ಬಿದ್ದರೂ “ಅಲ್ಲೇ ನಿಂದ್ರ ಬೇ” ಎನ್ನುತ್ತಿದ್ದರು.

*

ಬಳ್ಳಿಯ ಫೋಟೋ ಸಂಘದ ಗುಂಪಿಗೆ ಬಂದಾಗ ಮಯೂರಿಗೆ ತಿಳಿಯಿತು. ಸಿದ್ದಲಿಂಗನ ಶೀಟು ತೆರೆದು ನೋಡಿದಳು. ಮೂರು ಖಾನೆಯ ಸೂತ್ರ, ಹಲಗೆಯ ಸಾಲಿನ ಪಟ್ಟಿ, ಬೇರೆ ಡಬ್ಬಿಯ ಪ್ರಮಾಣ. ಬಸ್ ಹಿಡಿದು ತೆಲಸಂಗಕ್ಕೆ ಹೋದಳು.

ತಾರವ್ವ ಹೊಸ್ತಿಲಲ್ಲಿ ಕುಳಿತಿದ್ದಳು. ಮಯೂರಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

“ಅಂದ್ರ ತಪ್ಪ ನಂದಲ್ಲ?”

“ನಿಂದಲ್ಲ ತಾರಕ್ಕ.”

“ನನಗ ಹೇಳಿ ಏನ್ ಉಪಯೋಗ, ತಂಗಿ? ನನಗ ಅವತ್ತ ಗೊತ್ತಿತ್ತು. ಅವರ ಬಾಯಾಗ ಹೇಳಸ. ನಿಮ್ಮ ಆ ಪುಟದಾಗ ಬರೀಲಿ, ತಾರವ್ವ ಕೆಡಿಸಿಲ್ಲ ಅಂತ. ಅವರೆಲ್ಲಾ ಅದನ್ನ ಓದಿ ನಂಬತಾರಂತಲ್ಲ. ನಾ ಮತ್ತೇನೂ ಕೇಳೂದಿಲ್ಲ.”

ತಿಂಗಳ ಕೊನೆಗೆ ಅಥಣಿಯಲ್ಲಿ ಸಂಘದ ಅಭಿಪ್ರಾಯ ಸಭೆ ಇತ್ತು. ಚಹಾ, ಭಡಂಗ ಚುರುಮುರಿ, ಗೋಡೆಯ ಮೇಲೆ ಪುಟದ ದೊಡ್ಡ ಚಿತ್ರ. ಮಯೂರಿ ತಾರವ್ವನನ್ನು ಕರೆತಂದಳು. ಖುರ್ಚಿ ಖಾಲಿ ಇದ್ದರೂ ತಾರವ್ವ ಬಾಗಿಲ ಬಳಿ ನೆಲಕ್ಕೆ ಕುಳಿತಳು; ಯಾರೂ ಏಳು ಎನ್ನಲಿಲ್ಲ.

“ವಿ-ಲುಕಪ್ ಪುಟದಾಗ ನಾಕನೇ ಖಾನೆ ತಿರುಗಿ ಹಾಕಬೇಕು,” ಎಂದು ಮಯೂರಿ ಎದ್ದು ನಿಂತಳು. “ಅದರ ಕೆಳಗ ಯಾಕ ಹಾಕೇವಿ ಅನ್ನೂದನ್ನೂ ಬರೀಬೇಕು. ಈ ಖಾನೆ ನಾವು ತಗದಿದ್ವಿ, ಅದರಿಂದ ತಪ್ಪು ಪ್ರಮಾಣ ಬಂತು, ತಾರವ್ವನ ಕೈ ಸುಟ್ಟವು, ಆಕೀದು ತಪ್ಪಿಲ್ಲ. ಇಷ್ಟ.”

“ಖಾನೆ ಹಾಕೂನು,” ಎಂದ ಸುಹಾಸ. “ಉಳಿದದ್ದು ವಿಷಯಾಂತರ. ಇದು ಸೂತ್ರದ ಪುಟ, ದವಾಖಾನಿ ಪುಟ ಅಲ್ಲ.”

“ಪಟ್ಟಿ ಸಾಲ ತಪ್ಪಿದ್ದು ಯಾರಿಂದ?” ಸಿದ್ದಲಿಂಗ ಭಡಂಗ ಅಗಿಯುತ್ತ ಕೇಳಿದ. “ಇಕಿಗೆ ಓದಾಕ ಬರ್ತಿದ್ರ ನಾ ಹಲಗಿ ಸಾಲ ಬರೀತಿದ್ನೇನ? ಅಕ್ಷರ ಬಾರದ ಅಡಾಣಿ ಮಂದಿ ಕಟ್ಗೊಂಡ ಹೆಣಗಾಡೂದು ನಾವು.”

ನಗು ಎದ್ದಿತು. ಐನಾಪುರದ ದುಂಡೇಶ ನಗಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ‘ಸಣ್ಣದ ಮಾಡ್ರಿ’ ಎಂದ ಹೆಬ್ಬೆರಳುಗಳ ಸಾಲಿನಲ್ಲಿ ಅವನದೂ ಇತ್ತು.

ಮಯೂರಿ ಗೋಡೆಯ ಮೇಲೆ ಪುಟದ ಹಳೆಯ ಆವೃತ್ತಿ ತೆರೆದಳು. ಪುಟಕ್ಕೆ ನೆನಪಿರುತ್ತದೆ. ಯಾರು ಏನು ಅಳಿಸಿದರು, ಯಾರು ಕೇಳಿದರು, ಎಲ್ಲ ಅಲ್ಲೇ ಇತ್ತು. “ಇಲ್ಲಿ ಕುಂತವರೆಲ್ಲಾ ಹೆಬ್ಬಟ್ಟ ಒತ್ತೀರಿ. ನಾ ಬ್ಯಾಡ ಅಂದಿದ್ದು ಇಲ್ಲೈತಿ. ಇತ್ಯರ್ಥ ಅಂತ ಒತ್ತಿದವರ ಹೆಸರೂ ಐತಿ.”

“ಹೆಬ್ಬಟ್ಟ ಒತ್ತಾವ್ರು ಅಡಾಣಿ ಮಂದಿ ಅಂತ ನಾ ತಿಳಕೊಂಡಿದ್ನಿ,” ಎಂದಳು ತಾರವ್ವ ಬಾಗಿಲಿಂದ.

ಸುಹಾಸ ಪ್ರೊಜೆಕ್ಟರಿನ ವೈರು ಕಿತ್ತ. “ಅಸೂ ದ್ಯಾ. ಚಹಾ ಆರತೈತಿ.”

ಮರುದಿನ ಸಂಘದ ಗುಂಪಿಗೆ ಹೊಸ ಕೊಂಡಿ ಬಂತು. ಸುಹಾಸ ಇಡೀ ಪುಟದ ನಕಲು ತೆಗೆದು ಹೊಸ ಫೈಲು ಮಾಡಿದ್ದ, ಹಳೆಯದನ್ನು ಕಸದ ಬುಟ್ಟಿಗೆ ಹಾಕಿದ್ದ. ನಕಲಿಗೆ ನೆನಪಿರುವುದಿಲ್ಲ. ಹಳೆಯ ಟಿಪ್ಪಣಿ ಇಲ್ಲ, ಅಳಿಸಿದವರ ಹೆಸರಿಲ್ಲ, ಹೆಬ್ಬೆರಳಿಲ್ಲ. ಮಯೂರಿಗೆ ತಿದ್ದುವ ಹಕ್ಕೂ ಇಲ್ಲ, ಟಿಪ್ಪಣಿ ಹಾಕುವ ಹಕ್ಕು ಮಾತ್ರ. ವಿ-ಲುಕಪ್ ಪುಟದಲ್ಲಿ ನಾಲ್ಕನೆಯ ಖಾನೆ ಮರಳಿ ಬಂದಿತ್ತು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ‘ಕೂಲಿಯಾಳುಗಳ ಅಜಾಗರೂಕತೆಯಿಂದ ಆಗುವ ಹಾನಿ ತಪ್ಪಿಸಲು ಕೊನೆಗೆ ಸೊನ್ನೆ ಹಾಕಲು ಮರೆಯದಿರಿ.’

ತಿದ್ದುಪಡಿ ಅಂದರೆ ಇದು. ತಪ್ಪು ಮಾಡಿದವರು ಸೂತ್ರವನ್ನು ಸರಿ ಮಾಡಿಕೊಂಡರು, ತಪ್ಪನ್ನು ತಾರವ್ವನ ಹೆಸರಿಗೆ ಕಾಯಂ ಮಾಡಿದರು. ಪುಟ ಚಂದ ಆಗಿದೆ ಎಂದು ಎಲ್ಲರೂ ಹೂವಿನ ಚಿತ್ರ ಕಳಿಸಿದರು.

ಮಯೂರಿ ಟಿಪ್ಪಣಿ ಹಾಕಿದಳು. ಇತ್ಯರ್ಥವಾಗಿದೆ. ಮತ್ತೆ ಹಾಕಿದಳು. ಇತ್ಯರ್ಥವಾಗಿದೆ. ತಾರವ್ವನ ಮಾತನ್ನು ಆಕೆ ಆಡಿದ ಹಾಗೆಯೇ ಹಾಕಿದಳು. ಅದೂ ಇತ್ಯರ್ಥವಾಯಿತು.

*

ಮುಂದಿನ ಅಕ್ಟೋಬರು ಬಂತು. ಸಿದ್ದಲಿಂಗನ ತೋಟದಲ್ಲಿ ಚಾಟಣಿ ಮುಗಿಯಿತು. ಔಷಧ ಹಚ್ಚುವ ದಿನ ಹೆಂಗಸರು ಬಂದರು, ಮುಂದೆ ಅಕ್ಕುತಾಯಿ. ತಾರವ್ವನನ್ನು ಯಾರೂ ಕರೆದಿರಲಿಲ್ಲ. ಆದರೂ ಬಂದು ಬದುವಿನ ಮೇಲೆ ಕುಳಿತಳು, ಅಂಗೈ ಮೇಲೆ ಮಾಡಿಕೊಂಡು.

ಕಾಯಿ ಒಡೆದರು. ಮೊದಲ ಬಳ್ಳಿಗೆ ಧಣಿಯ ಕೈ ಹಚ್ಚಬೇಕು ಎನ್ನುವುದು ಇಲ್ಲಿಯ ಹಳೆಯ ಪದ್ಧತಿ, ಈಗೀಗ ಅದು ಕುಂಕುಮಕ್ಕೇ ಮುಗಿಯುತ್ತಿತ್ತು. ಸಿದ್ದಲಿಂಗ ಬಳ್ಳಿಗೆ ಕುಂಕುಮ ಹಚ್ಚಿ ಹಿಂದೆ ಸರಿದ.

“ಔಷಧ ಹಚ್ರಿ ಸಾವಕಾರ್ರ,” ಎಂದಳು ಅಕ್ಕುತಾಯಿ. “ನಿಮ್ಮ ಅಪ್ಪಾರು ತಮ್ಮ ಕೈಲೇ ಹಚ್ಚತಿದ್ರು. ಮೊದಲ ಕೈ ಧಣೀದು.”

“ಈ ಸಲ ಪ್ರಮಾಣ ಬರೋಬರ್ ಐತಿ ಬೇ. ಸೂತ್ರ ತಿದ್ಯಾರ. ನಾಕೂ ಖಾನೆ ಹಾಕೀನಿ, ನೋಡಿಲ್ಲಿ,” ಎಂದು ಫೋನು ತೋರಿಸಿದ.

“ಬರೋಬರ್ ಇದ್ರ ಹೆದರಿಕಿ ಯಾಕ್ರಿ? ಫೋನ್ ಕಿಸೇಕ ಇಟ್ಟ ಕೈ ಹಾಕ್ರಿ. ಕ್ಯಾರಿಬ್ಯಾಗ್ ನಾ ಕಟ್ಟತೀನಿ, ಬರ್ರಿ.”

ಆಕೆ ಸುತಳಿ ಹಿಡಿದು ನಿಂತಳು. ಸಿದ್ದಲಿಂಗ ಬಕೀಟು ನೋಡಿದ. ಬದುವಿನ ಮೇಲಿದ್ದ ಆ ಎರಡು ಅಂಗೈಗಳ ಕಡೆ ಅವನ ಕಣ್ಣು ಹೋಯಿತು, ಬೇಡವೆಂದರೂ ಹೋಯಿತು.

“ಹೋದ ವರ್ಷ ಕೆಡಿಸಿದಾಕಿ ಯಾರು ಅಂತ ಮೊದಲ ಹೇಳ್ರಿ,” ಎಂದಳು ಅಕ್ಕುತಾಯಿ. “ಹೇಳಿದ್ರ ನಿಮ್ಮ ಕೈ ಬ್ಯಾಡ. ಖರೇ ಕೈಗವಸು ತರಸ್ರಿ, ನಾವ ಹಚ್ಚತೀವಿ.”

ಅವನು ಹೇಳಲಿಲ್ಲ. ಒಂದು ಹೆಸರು. ಸುಲಭ. ತನ್ನ ಹೆಸರು. ಬಕೀಟಿಗೆ ಕೈ ಹಾಕುವುದಾದರೂ ಆದೀತು, ಅದು ಆಗದು.

ಹೆಂಗಸರು ಒಬ್ಬೊಬ್ಬರಾಗಿ ಹೋಗಿ ತಾರವ್ವನ ಪಕ್ಕ ಬದುವಿನ ಮೇಲೆ ಕುಳಿತರು. ಚಾಟಣಿ ಆದ ಬಳ್ಳಿ ಕಾಯುವುದಿಲ್ಲ. ತಡವಾದರೆ ಕಣ್ಣು ಒಂದೊಂದು ಒಂದೊಂದು ಹೊತ್ತಿಗೆ ಒಡೆದು ಇಡೀ ತೋಟ ಹಿಂದುಮುಂದಾಗುತ್ತದೆ. ಅದು ಸಿದ್ದಲಿಂಗನಿಗೂ ಗೊತ್ತು, ಅವರಿಗೂ ಗೊತ್ತು.

ಅಥಣಿಯ ಕಚೇರಿಯಲ್ಲಿ ಮಯೂರಿಯ ಪರದೆಯ ಅಂಚಿನಲ್ಲಿ ಹೊಸ ಟಿಪ್ಪಣಿ ಮೂಡಿತು. ಸಿದ್ದಲಿಂಗನದು. “ಕೂಲಿ ಹೆಂಗಸರು ಔಷಧ ಮುಟ್ಟವಲ್ರು. ಬದುವಿನ ಮ್ಯಾಲ ಕುಂತಾರ. ಏನ್ ಮಾಡೂದು, ಅರ್ಜೆಂಟ್ ಹೇಳ್ರಿ.”

ಮಯೂರಿ ಅದರ ಕೆಳಗೆ ಬರೆದಳು: “ತಾರವ್ವ ಕೆಡಿಸಿಲ್ಲ ಅಂತ ಬರೀರಿ. ಏಳತಾರ.”

ಎದುರಿನ ಮೇಜಿನಲ್ಲಿ ಸುಹಾಸ ಅದನ್ನು ಓದಿದ. ಆಕೆಯ ಕಡೆ ನೋಡಲಿಲ್ಲ. ಬೆರಳು ಒಮ್ಮೆ ಮೇಲೆದ್ದು ನಿಂತು, ಆಮೇಲೆ ಒತ್ತಿತು.

ಇತ್ಯರ್ಥವಾಗಿದೆ ಎಂದು ಬಂತು.

ತೆಲಸಂಗದಲ್ಲಿ ಬಿಸಿಲು ಏರಿತ್ತು. ಹೆಂಗಸರು ಬದುವಿನ ಮೇಲೆ ಹಾಗೇ ಕುಳಿತಿದ್ದರು.